ಖಾಲಿ ಹೊಟ್ಟೆಯ ಮಡಿ

ಯರಗಟ್ಟಿಗೆ ಹೊರಡುವ ದಿನ ನಾನು ಕೊರಳಿನ ಲಿಂಗ ತೆಗೆದು ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದೆ. ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಭಾಂಡೆ ಅಂಗಡಿ. ಮದುವೆ, ಕುಬಸ, ವಾಸ್ತುಶಾಂತಿ ಎಂದು ಜನ ಬಂದು ಕೊಡ, ತಂಬಿಗೆ, ಪರಾತಗಳನ್ನು ಒಯ್ಯುತ್ತಾರೆ. ಮೇಲಿನ ಹಲಗೆಯ ಮೇಲೆ ಸಾಲಾಗಿಟ್ಟ ಹಿತ್ತಾಳೆ ತಂಬಿಗೆಗಳಲ್ಲಿ ಒಂದರೊಳಗೆ, ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಅದನ್ನಿಡುವ ಬೆಳ್ಳಿ ಕರಡಿಗೆಯ ಸಮೇತ ನನ್ನ ಲಿಂಗ ಇರುತ್ತಿತ್ತು. ಸಂಜೆ ತಿರುಗಿ ಬಂದು, ಬಾಯಿ ತೊಳೆದು, ಅದನ್ನು ಕೊರಳಿಗೆ ಹಾಕಿಕೊಂಡೇ ಮನೆಯ ಹೊಸ್ತಿಲು ದಾಟುತ್ತಿದ್ದೆ.

ಲಿಂಗ ಧರಿಸಿ ಕುಡಿಯಬಾರದು ಎಂಬಷ್ಟು ಭಯಭಕ್ತಿ ನನ್ನಲ್ಲಿ ಉಳಿದಿತ್ತು. ಅದರ ಜೊತೆಗೆ ಇನ್ನೊಂದು ನೇಮವೂ ಇತ್ತು. ಲಿಂಗ ಮೈಮೇಲೆ ಇಲ್ಲದಾಗ ಒಂದು ತುತ್ತೂ ಬಾಯಿಗೆ ಹಾಕಬಾರದು ಎಂದು ಅವ್ವ ಚಿಕ್ಕಂದಿನಿಂದ ರೂಢಿ ಮಾಡಿಸಿದ್ದಳು. ಎರಡನ್ನೂ ನಿಷ್ಠೆಯಿಂದ ಪಾಲಿಸಿದರೆ ಏನಾಗುತ್ತದೆ? ಕುಡಿಯುವಾಗ ಲಿಂಗ ಇಲ್ಲ, ಲಿಂಗ ಇಲ್ಲದಾಗ ಊಟ ಇಲ್ಲ. ಅಂದರೆ ವರ್ಷಗಟ್ಟಲೆ ನಾನು ಕುಡಿದದ್ದೆಲ್ಲ ಖಾಲಿ ಹೊಟ್ಟೆಯಲ್ಲಿ. ಹಾಗಾದರೆ ಬ್ರಾಂಡಿ ಬಾಯಿಯಿಂದ ಹೋಗುತ್ತಿರಲಿಲ್ಲವೇ ಎಂದು ಕೇಳಬೇಡಿ. ಅದು ಊಟವೂ ಅಲ್ಲ, ನೀರೂ ಅಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಯರಗಟ್ಟಿಯಲ್ಲಿ ಹತ್ತಿ, ಗೋವಿನಜೋಳದ ದಲಾಲಿ ಮಾಡುವ ಶಂಕ್ರಪ್ಪ ನನ್ನ ಜೊತೆ ಶಾಲೆ ಕಲಿತವನು. ಬೈಲಹೊಂಗಲದಲ್ಲಿ ನಾನು ಕುಡಿಯಲು ಕೂರುವಂತಿರಲಿಲ್ಲ. ಇಲ್ಲಿ ನಾನು ಯಾರ ಮಗ, ಯಾರ ಅಳಿಯ ಎಂಬುದು ಚಹಾದಂಗಡಿಯ ಬೆಂಚಿಗೂ ಗೊತ್ತು. ಅವನ ಊರಲ್ಲಿ ಆ ತಾಪತ್ರಯವಿರಲಿಲ್ಲ. ಅವನ ಮುಂದೆ ಶೇಂಗಾ, ಮಿರ್ಚಿ ಭಜಿ ಬಂದು ಕೂರುತ್ತಿದ್ದವು, ನಾನು ಮುಟ್ಟುತ್ತಿರಲಿಲ್ಲ.

“ಸ್ವಾಮ್ಯಾರಿಗೆ ಇವತ್ತೂ ಉಪಾಸ,” ಎಂದು ಶಂಕ್ರಪ್ಪ ಪ್ಲೇಟನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದ.

ಬೇಗ ಬೇಗ ಕುಡಿದು ಬಸ್ಸು ಹಿಡಿಯಬೇಕು. ಹೊಟ್ಟೆ ಹಸಿದಿರುತ್ತಿತ್ತು, ಮನೆಯಲ್ಲಿ ರೊಟ್ಟಿ ಕಾಯುತ್ತಿರುತ್ತಿತ್ತು, ಲಿಂಗ ಅಂಗಡಿಯಲ್ಲಿರುತ್ತಿತ್ತು. ಇಷ್ಟರ ಮಧ್ಯೆ ಗ್ಲಾಸಿನಲ್ಲಿ ಏನಿದೆ ಎಂದು ನೋಡುವ ಪುರುಸೊತ್ತು ಯಾರಿಗಿತ್ತು? ಒಂದೇ ಗುಟುಕಿಗೆ ಇಳಿಸುತ್ತಿದ್ದೆ, ಮತ್ತೆ ತುಂಬಿಸುತ್ತಿದ್ದೆ. ಕುಡಿಯುವವರಲ್ಲೇ ನಾನೊಬ್ಬ ಮಡಿವಂತ ಎಂಬ ಹೆಮ್ಮೆ ಬೇರೆ. ಮೊದಮೊದಲು ಸಂತೆಗೊಮ್ಮೆ ಹೋಗುತ್ತಿದ್ದವನು ಆಮೇಲೆ ಏನಾದರೊಂದು ನೆವ ಹುಡುಕಿ ಹೋಗತೊಡಗಿದೆ. ಎದೆಯ ಕೆಳಗೆ ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು. ಔಷಧಿ ಅಂಗಡಿಯ ಗುಲಾಬಿ ಬಣ್ಣದ ಸಿರಪ್ಪು ಕುಡಿದು ಸುಮ್ಮನಾಗುತ್ತಿದ್ದೆ.

ಒಂದು ಸಂಜೆ ಯರಗಟ್ಟಿಯಿಂದ ಬಂದು ನೇಸರಗಿಯಲ್ಲಿ ಇಳಿದು ಬೈಲಹೊಂಗಲದ ಬಸ್ಸಿಗೆ ಕಾಯುತ್ತಿದ್ದೆ. ಹೊಟ್ಟೆಯೊಳಗಿನಿಂದ ಏನೋ ಕಿತ್ತು ಬಂದಂತಾಯಿತು. ವಾಂತಿಯ ಬಣ್ಣ ನೋಡಿ ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಅದರಾಚೆ ನನಗೆ ನೆನಪಿಲ್ಲ.

ಎಚ್ಚರವಾದಾಗ ಬೆಳಗಾವಿಯ ಆಸ್ಪತ್ರೆಯಲ್ಲಿದ್ದೆ. ಮೂಗಿನಲ್ಲಿ ನಳಿಕೆ, ಗಂಟಲು ಒಣಗಿ ಮಾತು ಹೊರಡುತ್ತಿರಲಿಲ್ಲ. ಹೆಂಡತಿ ಸುಮಂಗಲಾ ತಲೆಯ ಹತ್ತಿರ ನಿಂತಿದ್ದಳು. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ನನ್ನ ಕೊರಳ ಸುತ್ತ ಕೈಯಾಡಿಸಿದಳು, ಹೊದಿಕೆ ಸರಿಸಿ ಎದೆಯ ಮೇಲೆ ತಡಕಿದಳು.

“ಲಿಂಗ ಎಲ್ಲೈತ್ರಿ?”

ನಾನು ಕಣ್ಣು ಮುಚ್ಚಿಕೊಂಡೆ. ಅವಳು ನರ್ಸಿನ ಕಡೆ ತಿರುಗಿದಳು. “ನೀವು ತಗದಿಟ್ಟೀರೇನ್ರಿ?”

“ಇಲ್ರೀ ಅಕ್ಕಾರ. ಇವ್ರನ್ನ ತರೂವಾಗ ಕೊಳ್ಳಾಗ ಏನೂ ಇರಲಿಲ್ಲ.”

ಸುಮಂಗಲಾ ಹೊದಿಕೆಯನ್ನು ಮೊದಲಿನಂತೆ ಸರಿಮಾಡಿದಳು. ನನ್ನ ರೋಗ ಹೊರಬಿದ್ದದ್ದು ಡಾಕ್ಟರು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದಾಗ ಅಲ್ಲ, ಆ ಗಳಿಗೆಯಲ್ಲಿ ಎಂದೇ ನಾನು ತಿಳಿದಿದ್ದೇನೆ.

ಮರುದಿನ ಅವಳು ಊರಿಗೆ ಹೋಗಿ ಬಂದಳು. ಬಂದವಳೇ ರೇಷ್ಮೆ ವಸ್ತ್ರ ಬಿಚ್ಚಿ, ಕರಡಿಗೆಯ ದಾರವನ್ನು ನನ್ನ ತಲೆಯ ಕೆಳಗಿನಿಂದ ದಾಟಿಸಿ ಕಟ್ಟಿದಳು. ಹೇಗೆ ಸಿಕ್ಕಿತೆಂದು ಎಷ್ಟೋ ದಿನಗಳ ಮೇಲೆ ಅವಳೇ ಹೇಳಿದಳು. ಅಂಗಡಿಯ ಶಟರ್ ತಾನೊಬ್ಬಳೇ ಎತ್ತಿ, ಗಲ್ಲಾಪೆಟ್ಟಿಗೆ, ಕಪಾಟು ಎಲ್ಲ ಹುಡುಕಿ, ಕೊನೆಗೆ ಸ್ಟೂಲು ಹತ್ತಿ ಒಂದೊಂದೇ ಕೊಡ, ಒಂದೊಂದೇ ತಂಬಿಗೆಯೊಳಗೆ ಕೈ ಹಾಕುತ್ತ ಹೋದಳಂತೆ.

“ಕುಡೀತೀರಿ ಅನ್ನೂದು ನನಗ ಗೊತ್ತಿತ್ತು,” ಎಂದಳು. “ಆದ್ರ ಲಿಂಗ ಇಲ್ಲದ ಹೋಗಿಬಿಡತಿದ್ರಲ್ರಿ. ನಾ ಅತ್ತೀಗೆ ಏನಂತ ಹೇಳಬೇಕಾಗಿತ್ತು?”

ಸತ್ತವನ ಅಂಗೈಯಲ್ಲಿ ಅವನ ಲಿಂಗವಿಟ್ಟೇ ಮಣ್ಣು ಮಾಡುವ ನಮ್ಮ ಜನಕ್ಕೆ, ಲಿಂಗವಿಲ್ಲದೆ ಸಾಯುವುದು ಎಂಥ ಮಾತು ಎಂದು ಹೇಳಬೇಕಾಗಿಲ್ಲ. ಅವಳು ಇದನ್ನು ಹೇಳಿದ ದಿನ ನನಗೆ ಸಾವಿಗಿಂತ ಹೆಚ್ಚು ಹೆದರಿಕೆಯಾದದ್ದು ಅವಳು ಸ್ಟೂಲಿನ ಮೇಲೆ ನಿಂತದ್ದನ್ನು ನೆನೆದಾಗ.

ಡಾಕ್ಟರ್ ಮೇಡಮ್ ಕಿತ್ತೂರು ಕಡೆಯವರು. ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುಂಚೆ ನನ್ನನ್ನು ತಮ್ಮ ಕೋಣೆಗೆ ಕರೆಸಿ, ಹೊಟ್ಟೆಯಲ್ಲಿ ಹುಣ್ಣು, ಲಿವರ್ ಬಾತಿದೆ ಎಂದು ಹೇಳಿ ಮುಗಿಸಿ, “ಕುಡಿಯೂ ಮುಂದ ಜೊತಿಗೆ ಏನ್ ತಿಂತೀರಿ?” ಎಂದು ಕೇಳಿದರು.

“ಏನೂ ಇಲ್ರಿ.”

“ಯಾಕ?”

ಹೊರಗೆ ಬಾಕಿನ ಮೇಲೆ ಸುಮಂಗಲಾ ಕೂತಿದ್ದಳು. ನಾನು ದನಿ ತಗ್ಗಿಸಿ, ಮೊದಲ ಬಾರಿಗೆ ಇನ್ನೊಬ್ಬರ ಮುಂದೆ, ತಂಬಿಗೆಯ ಕಥೆ ಹೇಳಿದೆ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು.

“ಅಂದ್ರ ದೇವರಿಗೆ ಅಂಜಿ ಉಪಾಸ, ಮಂದಿಗೆ ಅಂಜಿ ಗಡಿಬಿಡಿ. ಹೊಟ್ಟಿ ಏನ್ ಮಾಡಬೇಕ್ರಿ?” ಎಂದರು. “ಈಗ ಕೆಲವು ತಿಂಗಳು ಒಂದು ಹನಿನೂ ಬ್ಯಾಡ. ಆಮ್ಯಾಲೂ ಪೂರಾ ಬಿಟ್ರ ಎಲ್ಲಾಕಿಂತ ಛಲೋ. ಆದ್ರ ಬಿಟ್ಟೇನಿ ಅಂತ ಸುಳ್ಳು ಹೇಳಿ ಮತ್ತ ಕದ್ದು ಕುಡದ್ರ, ಈ ಸಲ ನೇಸರಗಿ ಮಟಾನೂ ಬರಾಕ ಆಗೂದಿಲ್ಲ. ಮೊದಲ ಕದ್ದು ಕುಡಿಯೂದು ಬಿಡ್ರಿ. ಕುಡಿಯೂ ಮಾತು ಆಮ್ಯಾಲ ನೋಡೂಣು.”

ಹೊರಗೆ ನನ್ನ ಪಕ್ಕ ಕೂತವರು ರಾಮದುರ್ಗದ ಒಬ್ಬ ನೇಕಾರರು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಫೈಲು ಹೆಂಡತಿಯೇ ಹಿಡಿದಿದ್ದಳು. ಅವರಿಗೆ ಒಳಗೆ ಸಿಕ್ಕ ಮಾತು ಬೇರೆ: ದವಾಖಾನೆಯಲ್ಲೇ ಇದ್ದು ಕುಡಿತ ಬಿಡಬೇಕು, ಮುಂದೆ ಜನ್ಮವಿಡೀ ಒಂದು ಹನಿಯೂ ಇಲ್ಲ. ನನಗೆ ಹೇಳಿದ್ದನ್ನು ಕೇಳಿ ಅವರು, “ನಿಮಗರ ಮುಂದ ಒಂದೀಟು ದಾರಿ ಬಿಟ್ಟಾರ,” ಎಂದರು. ನಾನು ಅವರನ್ನೇ ನೋಡಿ ಹೊಟ್ಟೆಕಿಚ್ಚುಪಟ್ಟೆ. ಅವರಿಗೆ ಬಾಗಿಲು ಮುಚ್ಚಿತ್ತು, ಕಾವಲು ಕಾಯುವ ಕೆಲಸವಿರಲಿಲ್ಲ. ಇದನ್ನು ಓದುವವರು ಒಂದು ನೆನಪಿಡಬೇಕು: ನಾನು ಹೋದ ದಾರಿ ಅವರದಲ್ಲ, ನಿಮ್ಮದೂ ಆಗಿರಲಿಕ್ಕಿಲ್ಲ. ಡಾಕ್ಟರು ನಿಮ್ಮ ಮುಖ ನೋಡಿ ಹೇಳಿದ್ದೇ ನಿಮ್ಮದು.

ಮನೆಗೆ ಬಂದ ಮೇಲೆ ನೋಡಲು ಬಂದವರು ಮೋಸಂಬಿಯ ಜೊತೆ ತಮ್ಮ ತಮ್ಮ ಕಥೆಗಳನ್ನೂ ತಂದರು. ಒಬ್ಬರ ಷಡ್ಡಕ ಆಣೆ ಮಾಡಿ ಬಿಟ್ಟಿದ್ದ. ಇನ್ನೊಬ್ಬರ ಮಾವನಿಗೆ ಸವದತ್ತಿಯಲ್ಲಿ ಯಾರೋ ಚಹಾದಲ್ಲಿ ಪುಡಿ ಹಾಕಿ ಬಿಡಿಸಿದ್ದರು. ಎಲ್ಲರೂ ನನ್ನೆದುರೇ ನನ್ನ ಬಗ್ಗೆ ಸುಮಂಗಲಾಳಿಗೆ ಹೇಳುತ್ತಿದ್ದರು, ನಾನು ಅಲ್ಲಿ ಇಲ್ಲವೇನೋ ಎಂಬಂತೆ. ಅವರೆಲ್ಲ ಹೋದ ಮೇಲೆ ಅವ್ವ ನನ್ನ ಮಂಚದ ಹತ್ತಿರ ಬಂದು ಕೂತಳು.

“ಮಲ್ಲೂ, ಈ ಹುಣ್ಣಿವಿಗೆ ಎಲ್ಲವ್ವನ ಗುಡ್ಡಕ್ಕ ಹೋಗೂಣು. ಉಗರಗೋಳದಾಗ ಇಳದು ನಡಕೋತ ಮ್ಯಾಲ ಹೋಗಿ, ತಾಯಿ ಮುಂದ ಆಣಿ ಮಾಡು, ಇನ್ನ ಮುಟ್ಟೂದಿಲ್ಲ ಅಂತ.”

“ಆಣಿ ಬ್ಯಾಡವ್ವ. ಆಣಿ ಮುರದ್ರ ಮತ್ತ ಕದ್ದು ಕುಡಿಯಾಂವ ನಾ. ಕಡಿಮಿ ಮಾಡತೇನಿ.”

“ಕಡಿಮಿ ಅಂದ್ರ ಏನೋ? ಕಳುವು ಕಡಿಮಿ ಮಾಡತೇನಿ ಅಂದಂಗಾತು!”

ನಮ್ಮ ಕಡೆ ಗಂಡಸರಲ್ಲಿ ಎರಡೇ ಬಗೆ, ಕುಡಿಯುವವರು ಮತ್ತು ಕುಡಿಯದವರು. ನಡುವೆ ಕೂತವನನ್ನು ಏನೆಂದು ಕರೆಯಬೇಕೆಂದು ಯಾರಿಗೂ ಗೊತ್ತಿಲ್ಲ.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಲಿಂಗ ಕಟ್ಟಿಕೊಂಡ ದಿನದಿಂದ, ಊರಲ್ಲಿದ್ದಾಗಲೆಲ್ಲ, ಮುಂಜಾನೆ ನಾವಿಬ್ಬರೂ ಪಕ್ಕಪಕ್ಕದಲ್ಲಿ ಮಣೆ ಹಾಕಿಕೊಂಡು ಪೂಜೆಗೆ ಕೂತವರು. ಎಡ ಅಂಗೈಯಲ್ಲಿ ಲಿಂಗ ಹಿಡಿದು ಅವಳು ವಿಭೂತಿ ಹಚ್ಚಿದ ಮೇಲೆ ಬಟ್ಟಲನ್ನು ನನ್ನತ್ತ ಸರಿಸುತ್ತಿದ್ದಳು. ಆ ಮಾತಾದ ಮರುದಿನ ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ ಅವಳ ಪೂಜೆ ಮುಗಿದು, ಅವಳ ಮಣೆ ಗೋಡೆಗೆ ಒರಗಿತ್ತು. ಅಂದಿನಿಂದ ದಿನಾ ಹಾಗೆಯೇ. ನಾನು ಬೇಗನೆ ಎದ್ದರೆ ಅವಳು ಇನ್ನೂ ಮೊದಲೇ ಎದ್ದಿರುತ್ತಿದ್ದಳು. ವಿಭೂತಿಯ ಬಟ್ಟಲನ್ನು ನಾನೇ ಎಳೆದುಕೊಂಡು ಒಬ್ಬನೇ ಕೂರುತ್ತಿದ್ದೆ. ಆಸ್ಪತ್ರೆಯ ನಳಿಕೆಗಿಂತ ಅದು ಹೆಚ್ಚು ನೋಯುತ್ತಿತ್ತು.

ಒಂದು ಹನಿಯೂ ಮುಟ್ಟದ ಆ ತಿಂಗಳುಗಳನ್ನು ಹೇಗೆ ಕಳೆದೆ ಎಂದು ಕೇಳಿದರೆ, ಸಂಜೆಗಳು ಉದ್ದವಾಗಿದ್ದವು ಎನ್ನಬಲ್ಲೆ ಅಷ್ಟೇ. ಅಂಗಡಿ ಮುಚ್ಚಿದ ಮೇಲೆ ಎಲ್ಲಿಗೆ ಹೋಗಬೇಕು? ಮನೆಯಲ್ಲಿ ನಾನು ಬಂದರೆ ಟಿವಿಯ ದನಿ ತಗ್ಗುತ್ತಿತ್ತು. ಶಂಕ್ರಪ್ಪ ಮೊದಮೊದಲು ಫೋನು ಮಾಡಿದ, ಆಮೇಲೆ ನಿಲ್ಲಿಸಿದ. ತಡೆಯಲಾರದೆ ಒಂದು ದಿನ ನಾನೇ ಯರಗಟ್ಟಿಗೆ ಹೋದೆ. ಲಿಂಗ ಕೊರಳಲ್ಲೇ ಇತ್ತು. ಸೋಡಾ ತರಿಸಿಕೊಂಡು, ವರ್ಷಗಳಿಂದ ಮುಟ್ಟದ ಮಿರ್ಚಿ ಭಜಿ ತಿಂದು ಕೂತೆ. ಮೊದಲ ಸುತ್ತು ನಗುನಗುತ್ತ ಆಯಿತು. ಎರಡನೆಯ ಸುತ್ತಿಗೆ ಅವನ ಮುಖ ಬಿಗಿಯಿತು.

“ಯಾಕೋ ಹಂಗ ನೋಡಾಕ ಹತ್ತಿ? ನಾ ಏನ್ ಕುಡೀತೇನಿ ಅಂತ ಎಣಸಾಕ ಬಂದಿಯೇನು?”

“ಇಲ್ಲೋ ಮಾರಾಯ, ಸುಮ್ನ ಕುಂತೇನಿ.”

“ಸುಮ್ನ ಕುಂದ್ರಾಕ ಗುಡಿ ಅದಾವು.”

ಅವನದೂ ತಪ್ಪಲ್ಲ. ನನ್ನ ಸೋಡಾ ಅವನ ಬ್ರಾಂಡಿಯ ರುಚಿ ಕೆಡಿಸಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು, ಈ ತಾಲೂಕಿನಲ್ಲಿ ನನ್ನ ಜೊತೆ ಕೂರುವವರು ಇನ್ನು ಯಾರೂ ಇಲ್ಲವಲ್ಲ ಎಂದುಕೊಂಡೆ.

ಮತ್ತೆ ತಪಾಸಣೆಗೆ ಹೋದಾಗ ಮೇಡಮ್ ಹುಣ್ಣು ಮಾಯ್ದಿದೆ, ಲಿವರಿನ ಬಾವು ಇಳಿದಿದೆ ಎಂದರು. “ಬೇಕನ್ನಿಸತೈತೇನ್ರಿ?” ಎಂದು ಕೇಳಿದರು. ಸುಮಂಗಲಾ ಪಕ್ಕದಲ್ಲೇ ಇದ್ದಳು. ಹೌದು ಎಂದೆ. ಹಾಗೆಂದದ್ದಕ್ಕೆ ನನಗೇ ಅಚ್ಚರಿಯಾಯಿತು. ಬೇಡವೇ ಬೇಡ ಎನ್ನುವುದು ತಮ್ಮ ಮಾತು ಎಂದು ಅವರು ಮತ್ತೆ ಹೇಳಿದರು. ಆಗದಿದ್ದರೆ ಅಪರೂಪಕ್ಕೊಮ್ಮೆ, ಹೊಟ್ಟೆ ತುಂಬ ಉಂಡ ಮೇಲೆ, ಸ್ವಲ್ಪವೇ, ಮನೆಯವರಿಗೆ ಗೊತ್ತಿರುವಂತೆ, ಒಂದೊಂದು ಗುಟುಕಿಗೂ ಗಮನ ಕೊಟ್ಟು; ಆ ಅಳತೆ ಮೀರಿತೋ, ಅಲ್ಲಿಗೆ ಎಲ್ಲವೂ ಬಂದ್. ನಡುನಡುವೆ ಬಂದು ತೋರಿಸಬೇಕು.

ಊರಿಗೆ ಮರಳುವಾಗ, ಬಸ್ಸು ಬೈಲಹೊಂಗಲದ ಹತ್ತಿರ ಬಂದಾಗ ಸುಮಂಗಲಾ ಬಾಯಿ ಬಿಟ್ಟಳು.

“ಮನ್ಯಾಗ ಕುಡೀರಿ. ಮಾಳಿಗಿ ಮ್ಯಾಲ. ಆದ್ರ ಲಿಂಗ ತಗೀಬ್ಯಾಡ್ರಿ.”

ನಾನು ಅವಳ ಮುಖ ನೋಡಿದೆ. “ಏನ್ ಹೇಳಾಕತ್ತಿ ನೀ?”

“ಲಿಂಗ ತಗದ್ರ ನೀವು ಉಣ್ಣಂಗಿಲ್ಲ. ಉಣದ ಕುಡದ್ರ ಉಳಿಯಂಗಿಲ್ಲ. ಹಂಗಾರ ತಗೀಬ್ಯಾಡ್ರಿ. ನಾ ವಿಚಾರ ಮಾಡೇ ಹೇಳಾಕತ್ತೇನಿ.”

“ಪಾಪ ಬರತೈತಲ್ಲ.”

“ಬರಲಿ. ಅರ್ಧಾ ನಾ ತೊಗೋತೇನಿ.” ಇಷ್ಟು ಹೇಳಿ ಅವಳು ಚೀಲ ಎತ್ತಿಕೊಂಡು ಇಳಿಯಲು ಎದ್ದಳು.

ಅಂಗಡಿಯಿಂದ ಸಣ್ಣದೊಂದು ಸ್ಟೀಲಿನ ಬಟ್ಟಲು ತಂದೆ. ಮೊದಲ ಸಂಜೆ ರೊಟ್ಟಿ, ಎಣಗಾಯಿ, ಅನ್ನ ಮೊಸರು ಎಲ್ಲ ಉಂಡು ಮಾಳಿಗೆ ಹತ್ತಿದೆ. ಇನ್ನೂ ಬೆಳಕಿತ್ತು. ಕೆಳಗೆ ಸುಮಂಗಲಾ ಭಾಂಡೆ ತಿಕ್ಕುವ ಸಪ್ಪಳ. ಬಟ್ಟಲಲ್ಲಿ ಮೇಡಮ್ ಹೇಳಿದಷ್ಟೇ ಹಾಕಿ, ನೀರು ಬೆರೆಸಿ ಎದುರಿಗೆ ಇಟ್ಟುಕೊಂಡೆ. ಎದೆಯ ಮೇಲೆ ಕರಡಿಗೆ ಇತ್ತು. ಬಟ್ಟಲು ಎತ್ತಲು ಬಾಗಿದಾಗಲೆಲ್ಲ ಅದು ಅಂಗಿಯೊಳಗೆ ಮುಂದಕ್ಕೆ ಜೋಲುತ್ತಿತ್ತು, ನೆಟ್ಟಗೆ ಕೂತರೆ ಬಂದು ಎದೆಗೆ ತಾಗುತ್ತಿತ್ತು. ಒಂದು ಗುಟುಕು ಬಾಯಲ್ಲಿ ಹಿಡಿದೆ. ಇಷ್ಟು ವರ್ಷ ಕುಡಿದಿದ್ದೆ, ರುಚಿ ನೋಡಿರಲಿಲ್ಲ. ಕಹಿ, ಒಗರು, ಹಿಂದೆ ಸುಟ್ಟ ಬೆಲ್ಲದಂಥ ಒಂದು ವಾಸನೆ. ಇದಕ್ಕಾಗಿಯೇ ನಾನು ಸಾಯಲು ಹೊರಟಿದ್ದು ಅನ್ನಿಸಿ ನಗು ಬಂತು. ನಗುವುದಕ್ಕೆ ಜೊತೆಗೆ ಯಾರೂ ಇರಲಿಲ್ಲ. ಅರ್ಧವನ್ನು ತುಳಸಿ ಕುಂಡ ತಪ್ಪಿಸಿ ಮೋರಿಗೆ ಚೆಲ್ಲಿದೆ.

ಹೀಗೆ ಕುಡಿಯುವುದು ಬಲು ಒಂಟಿ ಕೆಲಸ. ಗೆಳೆಯರ ನಡುವೆ ಗಮನ ತಪ್ಪುತ್ತದೆ, ಅದಕ್ಕೇ ಅಲ್ಲಿಗೆ ಹೋಗುತ್ತೇವೆ. ಇಲ್ಲಿ ಗಮನ ಬಿಟ್ಟರೆ ಬೇರೇನೂ ಇರಲಿಲ್ಲ. ಎಷ್ಟೋ ಸಂಜೆ ಮಾಳಿಗೆ ಹತ್ತಿದವನು ಬಾಟಲಿ ತೆಗೆಯದೆ, ಎದುರು ಮನೆಯವರು ಹಪ್ಪಳ ಒಳಗೆ ಒಯ್ಯುವುದನ್ನು ನೋಡಿ ಇಳಿದು ಬಂದಿದ್ದೇನೆ. ಬಟ್ಟಲು ಮಾತ್ರ ಅಡುಗೆಮನೆಗೆ ಬರುವಂತಿರಲಿಲ್ಲ, ಅದು ಅವ್ವನ ಕಟ್ಟಳೆ. ಹಿತ್ತಲ ನಲ್ಲಿಯಲ್ಲಿ ನಾನೇ ತೊಳೆದು ಮಾಳಿಗೆಯ ಗೂಡಿನಲ್ಲಿ ಬೋರಲು ಹಾಕುತ್ತಿದ್ದೆ.

ನಡುವೆ ಒಮ್ಮೆ ಜಾರಿದೆ. ರಾಮದುರ್ಗದಲ್ಲಿ ಬೀಗರ ಮನೆಯ ಮದುವೆ. ಶಂಕ್ರಪ್ಪನೂ ಬಂದಿದ್ದ, ಹೆಗಲ ಮೇಲೆ ಕೈ ಹಾಕಿ ಕರೆದ. ಯಾರಾದರೂ ಹೆಗಲ ಮೇಲೆ ಕೈ ಹಾಕಿ ಎಷ್ಟು ದಿನವಾಗಿತ್ತು! ನಡೆಯುತ್ತಲೇ ನನ್ನ ಕೈ ಕೊರಳಿಗೆ ಹೋಯಿತು, ದಾರ ತೆಗೆಯಿತು, ಕರಡಿಗೆಯನ್ನು ಜೇಬಿಗೆ ಇಳಿಸಿತು. ಆಮೇಲೆ ಮೊದಲಿನ ಹಾಗೆಯೇ, ಗುಟುಕು ಗುಟುಕಲ್ಲ, ಗ್ಲಾಸು ಗ್ಲಾಸು. ಊಟದ ಪಂಕ್ತಿಗೂ ಹೋಗಲಿಲ್ಲ.

ಮರಳುವ ಬಸ್ಸಿನಲ್ಲಿ ಸುಮಂಗಲಾಳಿಗೆ ಎಲ್ಲವನ್ನೂ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ತಂಬಿಗೆಗಳಲ್ಲಿ ಕೈ ಹಾಕಿ ಹುಡುಕಿದವಳಿಗೆ ಇನ್ನೊಮ್ಮೆ ಹುಡುಕುವ ಕೆಲಸ ಕೊಡಲು ಮನಸ್ಸಾಗಲಿಲ್ಲ. ಅವಳು ಮುಖ ತಿರುಗಿಸಿದಳು. ಕಿಟಕಿಯತ್ತಲೇ ನೋಡುತ್ತ, “ಉಂಡೀರೇನು?” ಎಂದಳು.

“ಇಲ್ಲ.”

ಮದುವೆಮನೆಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿಯ ಗಂಟು ಬಿಚ್ಚಿದಳು. ನಾನು ಕೈ ಚಾಚಿದಾಗ ಹಿಂದಕ್ಕೆ ಎಳೆದುಕೊಂಡಳು. “ಮೊದಲ ಕೊಳ್ಳಾಗ ಹಾಕ್ಕೋರಿ.”

ಆ ದಿನದಿಂದ ನಾನು ಗ್ಲಾಸನ್ನು ಕಾಯುವುದಿಲ್ಲ, ಕೈಯನ್ನು ಕಾಯುತ್ತೇನೆ. ಅದು ಕೊರಳಿನ ದಾರದತ್ತ ಹೊರಟಿತೆಂದರೆ ನಾನು ಎದ್ದು ಬೇರೆ ಕಡೆ ಹೋಗುತ್ತೇನೆ. ಮೇಡಮ್‌ಗೂ ಹೇಳಿದೆ, ಅವರು ಬೈದರು, ಮತ್ತೆ ರಕ್ತ ತಪಾಸಣೆ ಮಾಡಿಸಿದರು, ಕೆಲವು ತಿಂಗಳು ಬಟ್ಟಲು ಗೂಡಿನಲ್ಲೇ ಇರಲಿ ಎಂದರು. ಇತ್ತು.

ಅವ್ವನ ಮಣೆ ಮಾತ್ರ ಗೋಡೆಗೆ ಒರಗಿಯೇ ಇತ್ತು. ಕಾರಹುಣ್ಣಿಮೆ ಬಂತು, ಪಂಚಮಿ ಬಂತು, ಅವಳು ನನಗೆ ಹಬ್ಬದ ಉಂಡಿ ಕೊಟ್ಟಳು, ಮಾತಾಡಿಸಿದಳು, ಪೂಜೆಗೆ ಮಾತ್ರ ಜೊತೆ ಕೂರಲಿಲ್ಲ. ಇದು ಇನ್ನು ಹೀಗೆಯೇ ಮುಗಿಯುತ್ತದೆ ಎಂದು ನಾನು ಒಪ್ಪಿಕೊಂಡುಬಿಟ್ಟಿದ್ದೆ.

ಹೋದ ಶ್ರಾವಣ ಕಳೆದ ಮೇಲೆ ಒಂದು ಸಂಜೆ ಬಹಳ ದಿನಗಳ ನಂತರ ಬಟ್ಟಲು ಹಿಡಿದು ಕೂತಿದ್ದೆ. ಮೆಟ್ಟಿಲ ಮೇಲೆ ಸಪ್ಪಳವಾಯಿತು. ಸುಮಂಗಲಾ ಅಂದುಕೊಂಡೆ. ಅವ್ವ. ಮೊಣಕಾಲು ನೋವೆಂದು ಮಾಳಿಗೆ ಹತ್ತುವುದನ್ನೇ ಬಿಟ್ಟವಳು ಗೋಡೆ ಹಿಡಿದು ಏದುಸಿರು ಬಿಡುತ್ತ ನಿಂತಿದ್ದಳು. ನಾನು ಬಟ್ಟಲನ್ನು ಬೆನ್ನ ಹಿಂದೆ ಸರಿಸಿದೆ.

“ಮುಚ್ಚಿಡಬ್ಯಾಡ. ಕಂಡೇನಿ,” ಎಂದು ಪಕ್ಕದಲ್ಲಿ ಕೂತಳು. “ಉಂಡಿಯೇನು?”

“ಉಂಡೇನವ್ವ.”

ಅವಳು ನನ್ನ ಅಂಗಿಯ ಮೇಲೆ ಕೈಯಿಟ್ಟು ತಡಕಿದಳು. ಕರಡಿಗೆ ಬೆರಳಿಗೆ ಸಿಕ್ಕಿತು. ಅದರ ಮೇಲೆಯೇ ಕೈ ಇಟ್ಟುಕೊಂಡು ಕೂತಳು. ನನ್ನ ಎದೆ ಬಡಿದುಕೊಳ್ಳುವುದು ಅವಳ ಕೈಗೆ ಗೊತ್ತಾಗುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

“ಯಾವಾಗ್ಲೂ ಹಿಂಗ ಒಬ್ಬಾಂವನ ಕುಂದರತೀ?”

“ಹೂಂ.”

“ಕುಡಿಯೂದಂದ್ರ ಮಂದಿ ಕೂಡಿ ಗದ್ಲ ಹಾಕೂದು ಅಂತ ತಿಳದಿದ್ದೆ ನಾ,” ಎಂದಳು. ಬಟ್ಟಲಿನೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. “ಇಷ್ಟಕ್ಕ ಇಷ್ಟೆಲ್ಲಾ ಏನೋ?”

ನಾನು ಉಳಿದದ್ದನ್ನು ಮೋರಿಗೆ ಚೆಲ್ಲಿದೆ. ಅವ್ವನ ರಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆ. ಕೆಳಗೆ ಬಂದ ಮೇಲೆ ಅವಳು ನನ್ನ ಕೈಯಲ್ಲಿದ್ದ ಬಟ್ಟಲು ನೋಡಿ, “ಅದನ್ನ ಹಿತ್ತಲದಾಗ ಇಡು. ಅಡಗಿಮನ್ಯಾಗ ತರಬ್ಯಾಡ,” ಎಂದಳು. ಸರಿ ಎಂದು ಹೊರಟೆ. ಹಿಂದಿನಿಂದ ಕರೆದಳು.

“ಮುಂಜಾನೆ ಲಗೂ ಏಳು. ನನಗ ಬಾಳೊತ್ತು ಕಾಯಾಕ ಆಗೂದಿಲ್ಲ.”

ಮರುದಿನ ಅವಳಿಗಿಂತ ಮೊದಲೇ ಎದ್ದು ಸ್ನಾನ ಮಾಡಿ, ಎರಡು ಮಣೆ ಹಾಕಿ ಕಾಯುತ್ತ ಕೂತೆ.